ಅಣ್ಣನ ಹೆಡ್ಡು, ತಮ್ಮನ ಹೆಡ್ಡು

ಮೆಕ್ಕೆಜೋಳದ ಹೊಲದಲ್ಲಿ ಒಂದು ಕಲ್ಲು ತನ್ನ ಪಾಡಿಗೆ ತಾನು ಮಲಗಿತ್ತು. ಕಟಾವು ಯಂತ್ರ ಅದನ್ನು ಎಬ್ಬಿಸಿ ಒಳಗೆ ಕರೆದುಕೊಂಡಿತು. ಒಳಗೆ ಹೋದ ಕಲ್ಲು ಹೆಡ್ಡಿನ ಉರುಳೆಗಳನ್ನು ಮುರಿದು, ಸರಪಳಿಗಳನ್ನು ಹರಿದು, ಏನೂ ಆಗಿಯೇ ಇಲ್ಲವೆಂಬಂತೆ ಇನ್ನೊಂದು ಕಡೆಯಿಂದ ಹೊರಗೆ ಬಿತ್ತು.

ಹೆಡ್ಡು ಅಂದರೆ ಯಂತ್ರದ ಮುಂದೆ ಕೂರಿಸುವ ಬಾಯಿ. ಚೂಪು ಮೂತಿಗಳನ್ನು ಸಾಲುಗಳ ನಡುವೆ ತೂರಿಸಿ, ದಂಟನ್ನು ಕೆಳಕ್ಕೆಳೆದು, ತೆನೆಯನ್ನು ಮಾತ್ರ ಮುರಿದು ನುಂಗುತ್ತದೆ. ಬಾಯಿಯೇ ಹೋದ ಮೇಲೆ ಹೊಟ್ಟೆ ಎಷ್ಟು ದೊಡ್ಡದಿದ್ದರೇನು? ಹೊಸದು ತರಲೇಬೇಕಾಯಿತು. ಗ್ರಹಚಾರ ಶುರುವಾದದ್ದೇ ಅಲ್ಲಿ.

ಯಂತ್ರ ಇಬ್ಬರು ಅಣ್ಣತಮ್ಮಂದಿರದು. ಅಣ್ಣನಿಗೆ ಕಬ್ಬಿಣದ ಹೆಡ್ಡು ಬೇಕು, ತಮ್ಮನಿಗೆ ಪ್ಲಾಸ್ಟಿಕ್ ಮೂತಿಯ ಹೊಸ ಮಾದರಿ. ಕೂತು ಮಾತಾಡಿದ್ದರೆ ಒಂದು ಲೋಟ ಚಹಾದಲ್ಲಿ ಮುಗಿಯುವ ಸಂಗತಿ. ಆದರೆ ಅಪ್ಪ ತೀರಿಕೊಂಡ ದಿನದಿಂದ ಅವರಿಬ್ಬರಿಗೂ ಮಾತಿಲ್ಲ. ಅಣ್ಣ ಸುದ್ದಿ ಮುಟ್ಟಿಸುವುದು ತಡವಾಯಿತು. ತಮ್ಮ ಓಡಿ ಬರುವಷ್ಟರಲ್ಲಿ ಅಪ್ಪನ ಕೈ ತಣ್ಣಗಾಗಿತ್ತು. ಆಮೇಲೆ ಮನೆ ಒಂದೇ, ಅಡುಗೆ ಒಂದೇ, ಊಟದ ಹೊತ್ತು ಮಾತ್ರ ಎರಡು.

ಇಬ್ಬರ ನಡುವೆ ಮಾತು ಸಾಗಿಸುವ ಕೆಲಸ ಯಂತ್ರದ ಡ್ರೈವರ್ ಗೇರಪ್ಪನ ತಲೆಗೆ ಬಿದ್ದಿತ್ತು. ಪ್ರತಿ ಮಾತಿಗೂ ಮುಂಚೆ ಅವನ ಗಂಟಲು ಗೇರು ಬದಲಿಸಿದ ಹಾಗೆ ಕರಕರ ಅನ್ನುತ್ತಿದ್ದುದರಿಂದ ಆ ಹೆಸರು. ತೀರಿಕೊಂಡ ಯಜಮಾನರ ಕಾಲದಿಂದಲೂ ಇದ್ದವನು. ಈ ಇಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ತಿರುಗಿಸಲು ಕೊಟ್ಟವನು.

ಅಂಗಡಿಯವನು ಎರಡೂ ಹೆಡ್ಡುಗಳನ್ನು ಪರೀಕ್ಷೆಗೆಂದು ಒಂದು ದಿನದ ಮಟ್ಟಿಗೆ ಇಳಿಸಿಹೋದ. ಬೆಳಿಗ್ಗೆ ಹೊಲದ ಬದಿಯಲ್ಲಿ ಅಣ್ಣ ಶುರುಮಾಡಿದ.

"ಗೇರಪ್ಪ, ಅವನಿಗೆ ಹೇಳು. ಪ್ಲಾಸ್ಟಿಕ್ ಮೂತಿ ಮಕ್ಕಳ ಆಟಕ್ಕೆ ಸರಿ ಅಂತ."

ಕೈಚಾಚಿದರೆ ಸಿಗುವಷ್ಟು ದೂರದಲ್ಲಿದ್ದ ತಮ್ಮನ ಕಡೆ ತಿರುಗಿ ಗೇರಪ್ಪ, "ಪ್ಲಾಸ್ಟಿಕ್ಕು ಬಹಳ ಹಗುರವಂತೆ" ಅಂದ.

"ಅವರಿಗೆ ಹೇಳು. ಆ ಕಬ್ಬಿಣದ್ದನ್ನ ನೇರ ಗುಜರಿಗೆ ಹಾಕ್ಬೋದು ಅಂತ."

"ಕಬ್ಬಿಣಕ್ಕೆ ಯಾವತ್ತಿದ್ರೂ ಬೆಲೆ ಇದೆಯಂತೆ" ಅಂತ ಗೇರಪ್ಪ ಅಣ್ಣನಿಗೆ ಒಪ್ಪಿಸಿದ.

ತೀರ್ಪುಗಾರರಾಗಿ ಪಕ್ಕದ ಹೊಲದ ಮೇಷ್ಟ್ರು ತಾವೇ ಬಂದು ನಿಂತಿದ್ದರು. ನಿವೃತ್ತಿಯಾದ ಮೇಲೆ ತಿದ್ದುವುದಕ್ಕೆ ಏನೂ ಸಿಗದೆ ಊರವರನ್ನು ತಿದ್ದುತ್ತಿದ್ದ ಮನುಷ್ಯ. "ಅರ್ಧ ಹೊಲ ಇದರಲ್ಲಿ, ಇನ್ನರ್ಧ ಅದರಲ್ಲಿ. ನೆಲಕ್ಕೆ ಬಿದ್ದ ತೆನೆಯನ್ನೆಲ್ಲ ಬೇರೆ ಬೇರೆ ಚೀಲಕ್ಕೆ ತುಂಬಿ ತೂಗೋಣ. ಯಾವ ಚೀಲ ಹಗುರವೋ ಆ ಹೆಡ್ಡು ಗೆದ್ದಂತೆ. ಇದು ವಿಜ್ಞಾನ!"

ಗೇರಪ್ಪ ಕ್ಯಾಬಿನ್ ಹತ್ತುವಾಗ ಅಣ್ಣತಮ್ಮಂದಿರ ಅಮ್ಮ ಹತ್ತಿರ ಬಂದರು. ಯಂತ್ರದ ಚಕ್ರ ನೋಡುವವರ ಹಾಗೆ ಬಗ್ಗಿ, ಸಣ್ಣ ದನಿಯಲ್ಲಿ ಹೇಳಿದರು: "ಇವತ್ತು ಒಬ್ಬ ಸೋತರೆ ಮನೆ ಎರಡಾಗತ್ತೆ ಕಣೋ. ಯಾರೂ ಸೋಲದ ಹಾಗೆ ಏನಾದ್ರೂ ಮಾಡು."

"ಯಾರೂ ಗೆಲ್ಲದ ಹಾಗೆ ಮಾಡಬಹುದಮ್ಮ" ಅಂದ ಗೇರಪ್ಪ.

ಕಬ್ಬಿಣದ ಹೆಡ್ಡು ಬೆಣ್ಣೆಗೆ ಚಾಕು ಹಾಕಿದ ಹಾಗೆ ನುಗ್ಗಿತು. ಹಿಂದೆ ಒಂದು ತೆನೆಯೂ ಬೀಳಲಿಲ್ಲ. ಅಣ್ಣನ ಎದೆ ಗಾಳಿ ಹೊಡೆದ ಟಯರಿನಂತೆ ಉಬ್ಬಿತು. ತಮ್ಮ ಮಾತ್ರ ಬದಿಯಲ್ಲಿ ಕೂತು ಒಣ ಎಲೆಯೊಂದನ್ನು ನೂಲುನೂಲಾಗಿ ಸೀಳುತ್ತಿದ್ದ. ಅಪ್ಪನ ಹೆಣದ ಪಕ್ಕದಲ್ಲೂ ಅವನು ಹೀಗೇ ತಲೆತಗ್ಗಿಸಿ ಕೂತಿದ್ದು ಗೇರಪ್ಪನಿಗೆ ನೆನಪಾಯಿತು. ಕಾಲು ತಾನಾಗಿ ವೇಗ ಹೆಚ್ಚಿಸಿತು. ನಾಯಿ ಅಟ್ಟಿಸಿಕೊಂಡು ಬಂದ ಎಮ್ಮೆಯಂತೆ ಯಂತ್ರ ಓಡಿತು. ತೆನೆಗಳು ಪುಟಿದು ಅತ್ತಿತ್ತ ಹಾರಿದವು.

"ಏ, ನಿಧಾನ!" ಅಂತ ಅಣ್ಣ ಕೂಗಿದ. ಮೇಷ್ಟ್ರು ಖುಷಿಯಿಂದ ಚೀಲ ಹಿಡಿದು ಹಿಂದೆ ಓಡಿದರು.

ಮಧ್ಯಾಹ್ನ ಪ್ಲಾಸ್ಟಿಕ್ ಮೂತಿಯ ಸರದಿ. ಅದಂತೂ ಇನ್ನೂ ಜಾಣ. ದಂಟು ದಪ್ಪವಿದ್ದರೂ ತೆಳ್ಳಗಿದ್ದರೂ ಒಳಗಿನ ತಗಡುಗಳ ಸಂದನ್ನು ಕ್ಯಾಬಿನ್ನಿನಿಂದಲೇ ಒಂದು ಗುಂಡಿ ಒತ್ತಿ ಹೊಂದಿಸಬಹುದು. ಇಷ್ಟು ಒಳ್ಳೆಯದನ್ನು ಕೆಡಿಸುವುದಕ್ಕೆ ಗೇರಪ್ಪನಿಗೆ ಸಂಕಟವೇ ಆಯಿತು. ಆದರೂ ಸಾಲು ಬಿಟ್ಟು ಓಡಿಸಿದ. ದಂಟುಗಳು ಮೂತಿಯ ಕೆಳಗೆ ಅಡ್ಡಡ್ಡ ಮಲಗಿದವು, ತೆನೆಗಳು ಮಣ್ಣುಪಾಲಾದವು.

"ಸಾಲು ಕಾಣಲ್ವೇನೋ ನಿಂಗೆ!" ತಮ್ಮ ತಲೆಯ ಮೇಲೆ ಕೈಹೊತ್ತ.

ಯಜಮಾನರಿದ್ದಾಗ ಒಂದು ದಂಟನ್ನೂ ಕೆಡವದ ಕೈ ಅದು. ಗೇರಪ್ಪನ ಕಣ್ಣು ಮಂಜಾಯಿತು. ಆಮೇಲೆ ಸಾಲು ನಿಜವಾಗಿಯೂ ಕಾಣಲಿಲ್ಲ. ತಮ್ಮನ ಚೀಲ ಅಂದುಕೊಂಡದ್ದಕ್ಕಿಂತ ಹೆಚ್ಚು ತುಂಬಿತು.

ಮೇಷ್ಟ್ರು ತಕ್ಕಡಿ ತರಲು ಮನೆಗೆ ಹೋದರು. ಅಣ್ಣತಮ್ಮಂದಿರು ಕೈತೊಳೆಯಲು ಬೇರೆ ಬೇರೆ ನಲ್ಲಿಗಳಿಗೆ ಹೋದರು. ಗೇರಪ್ಪ ಮೆಲ್ಲಗೆ ಚೀಲಗಳನ್ನಿಟ್ಟಿದ್ದ ಶೆಡ್ಡಿನೊಳಗೆ ನುಸುಳಿದ. ತಮ್ಮನ ಚೀಲದಿಂದ ಅಣ್ಣನ ಚೀಲಕ್ಕೆ ನಾಲ್ಕು ತೆನೆ ದಾಟಿಸಿದರೆ ಲೆಕ್ಕ ಸರಿಹೋದೀತು. ಆದರೆ ಅಲ್ಲಿ ಆಗಲೇ ಯಾರೋ ಕುಕ್ಕರುಗಾಲಿನಲ್ಲಿ ಕೂತು, ಮಡಿಲ ತುಂಬ ತೆನೆ ತುಂಬಿಕೊಳ್ಳುತ್ತಿದ್ದರು.

"ಅಮ್ಮ!"

"ಶ್! ಕೂಗ್ಬೇಡ್ವೋ. ಕದಿಯೋದು ಅಭ್ಯಾಸ ಇಲ್ಲ, ಎದೆ ಹೊಡ್ಕೊಳ್ತಿದೆ."

ಇಬ್ಬರೂ ಸೇರಿ ಆ ಚೀಲ ಎತ್ತಿ, ಈ ಚೀಲ ಎತ್ತಿ, ಕೈಯಲ್ಲೇ ತೂಗಿ ತೂಗಿ ದಾಟಿಸಿದರು.

ತಕ್ಕಡಿಯ ಮುಳ್ಳು ಅತ್ತಿತ್ತ ಒಲೆದು ನಟ್ಟನಡುವೆ ನಿಂತಿತು. ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ನೋಡಿದರು. "ಸಮ! ತೂಕ ಸಮ!"

ಅಮ್ಮ ಉಸಿರು ಬಿಟ್ಟರು. ಆದರೆ ಮೇಷ್ಟ್ರ ವಿಜ್ಞಾನ ಅಲ್ಲಿಗೆ ನಿಲ್ಲುವಂಥದ್ದಲ್ಲ. ಗಡ್ಡ ಕೆರೆದುಕೊಂಡು ಕೇಳಿದರು: "ಒಂದು ಕಬ್ಬಿಣ, ಒಂದು ಪ್ಲಾಸ್ಟಿಕ್. ಎರಡರಲ್ಲೂ ಒಂದೇ ನಷ್ಟ. ಹಾಗಾದರೆ ಎರಡು ಸಲವೂ ಬದಲಾಗದೆ ಇದ್ದದ್ದು ಯಾವುದು?"

ಅಣ್ಣತಮ್ಮಂದಿರು ಒಟ್ಟಿಗೆ ಗೇರಪ್ಪನ ಕಡೆ ತಿರುಗಿದರು. ತಮ್ಮ ನಿಧಾನವಾಗಿ ಬಾಯಿ ತೆರೆದ.

"ಅಣ್ಣಾ..."

ಆ ಒಂದು ಪದ ಕಿವಿಗೆ ಬಿದ್ದದ್ದೇ ತಡ, ಗೇರಪ್ಪನ ಎದೆ ಹಿಗ್ಗಿಹೋಯಿತು. ಮುಂದಿನ ಮಾತು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಣ್ಣಾ, ನನಗೆ ಮಧ್ಯಾಹ್ನವೇ ಅನುಮಾನ ಬಂತು. ಹೆಡ್ಡಲ್ಲಿ ಏನೂ ತಪ್ಪಿಲ್ಲ. ಇವನಿಗೇ ಕಣ್ಣು ಮಂಜಾಗಿದೆ."

"ಹೌದು ಕಣೋ. ನನ್ನದರಲ್ಲೂ ಹುಚ್ಚು ಹಿಡಿದವನ ಹಾಗೆ ಓಡಿಸಿದ. ಆ ಕಲ್ಲನ್ನ ನುಂಗಿಸಿದ್ದೂ ಇವನೇ ಅಲ್ವಾ?"

"ಯಂತ್ರ ನಾವೇ ಓಡಿಸೋಣ ಬಿಡಣ್ಣ. ಹೆಡ್ಡು ನಿನ್ನ ಕಬ್ಬಿಣದ್ದೇ ಇರಲಿ."

"ಛೆ, ಬೇಡ. ನಿನ್ನ ಇಷ್ಟದ್ದೇ ತಗೊಳೋಣ."

"ನೀನು ದೊಡ್ಡವನು, ನಿನ್ನ ಮಾತೇ ನಡೀಲಿ."

ಅಮ್ಮ ಏನೋ ಹೇಳಲು ತುಟಿ ಅಲುಗಿಸಿದರು. ಗೇರಪ್ಪ ಅವರ ಕಡೆ ನೋಡಿ, ಬೇಡ ಎಂದು ತಲೆ ಅಲ್ಲಾಡಿಸಿದ. ಕ್ಯಾಬಿನ್ನಿನ ಕೀಲಿಯನ್ನು ಚೀಲಗಳ ಪಕ್ಕದಲ್ಲಿಟ್ಟು ಹೊರಗೆ ಬಂದ.

ಅಣ್ಣತಮ್ಮಂದಿರಿಗೆ ಆಗಲೇ ಹುರುಪು. ಇಬ್ಬರೂ ಒಟ್ಟಿಗೆ ಕ್ಯಾಬಿನ್ ಹತ್ತಿ, ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು. ಮುಂದೆ ಹೋಗಬೇಕಾದ ಯಂತ್ರ ಗಕ್ಕನೆ ಹಿಂದೆ ಬಂದು ಶೆಡ್ಡಿನ ಬಾಗಿಲನ್ನು ಚಪ್ಪಟೆ ಮಾಡಿತು. ಗೇರಪ್ಪ ತನಗೆ ಗೊತ್ತಿಲ್ಲದೆಯೇ "ಬ್ರೇಕು!" ಅಂತ ಓಡಿದವನು, ಅರ್ಧದಲ್ಲೇ ನಿಂತುಬಿಟ್ಟ. ಮೇಲಿನಿಂದ ಇಬ್ಬರ ನಗು ಒಟ್ಟಿಗೆ ಕೇಳಿಸಿತು. ಯಾವುದು ಅಣ್ಣನದು, ಯಾವುದು ತಮ್ಮನದು ಗೊತ್ತಾಗಲಿಲ್ಲ.

ಅಮ್ಮ ಬಂದು ಅವನ ಪಕ್ಕದಲ್ಲಿ ನಿಂತರು. ಅವನ ತೋಳು ಹಿಡಿದುಕೊಂಡು, "ಊಟ ಮಾಡ್ಕೊಂಡು ಹೋಗೋ" ಅಂದರು.

ಗೇರಪ್ಪನ ಗಂಟಲು ಕರಕರ ಅಂದಿತು. ಮಾತು ಬರಲಿಲ್ಲ.