ಪಾದ್ರಿಯ ಚರ್ಮ

ಲೂಷಸ್ ತನ್ನ ಬ್ಯಾಂಜೋ ಎಂಬ ತಂತಿವಾದ್ಯದ ದುಂಡು ಬಳೆಗೆ ಹೊಸ ಚರ್ಮ ಬಿಗಿದ ದಿನವೇ ಝೆನೋಬಿಯಮ್ಮನ ಬೆಕ್ಕು ಕಾಣೆಯಾಗಬೇಕೆ? ಅವನ ಹಣೆಬರಹವೇ ಅಷ್ಟು.

ಅಮೆರಿಕದ ಮೆಂಫಿಸ್‌ ಊರಿನ ಆ ಓಣಿಯಲ್ಲಿ ಬ್ಯಾಂಜೋ ಎಂದರೆ ಈಗೀಗ ಮೂಗು ಮುರಿಯುವವರೇ ಹೆಚ್ಚು. ಲೂಷಸ್ ತಾತನಿಂದ ಕಲಿತಂತೆ ಉಗುರಿನಿಂದ ತಂತಿ ಕುಟ್ಟುತ್ತಿದ್ದ. ಕುಣಿಯುವವರಿಗೆ ಅದು ಸಾಕು. ಆದರೆ ಬ್ಲೂಸ್ ಎಂಬ ದುಃಖದ ಹಾಡಿಗೆ ಸ್ವರ ಎಳೆಯಬೇಕು, ನರಳಬೇಕು. ಬ್ಯಾಂಜೋದ ಸ್ವರವೋ ಟಣ್ ಎಂದು ಹುಟ್ಟಿ ಅಲ್ಲೇ ಸಾಯುತ್ತದೆ. ಗಿಟಾರು ಬಂದ ಮೇಲಂತೂ ಅವನು ನುಡಿಸುತ್ತಿದ್ದ ತಂಡದ ಯಜಮಾನ ಹೊರೇಸ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಶನಿವಾರ ಸಾಯಂಕಾಲ ಜನಾನ ಅಳಿಸ್ಬೇಕು. ಇಲ್ಲಾಂದ್ರೆ ನಿನ್ನ ದಾರಿ ನಿಂಗೆ."

ಆ ಶನಿವಾರ ಬೆಳಿಗ್ಗೆ ಲೂಷಸ್ ಹೊಸ ವಿದ್ಯೆಗೆ ಕೈಹಾಕಿದ. ಗಿಟಾರಿನವರ ಹಾಗೆ ಚಾಕುವಿನ ಬೆನ್ನನ್ನು ತಂತಿಯ ಮೇಲೆ ಜಾರಿಸಿದ. ಸ್ವರ ಎಳೆಯಿತು. "ಮಿಯಾಂವ್" ಎಂದೇ ಎಳೆಯಿತು.

ಪಕ್ಕದ ಕಿಟಕಿ ದಡಾರನೆ ತೆರೆಯಿತು. "ಅಯ್ಯೋ, ನನ್ನ ಪಾದ್ರಿ!"

ಪಾದ್ರಿ ಎಂದರೆ ಮನೆಯೊಡತಿ ಝೆನೋಬಿಯಮ್ಮನ ಗಂಡುಬೆಕ್ಕು. ಕಪ್ಪು ಮೈ, ಕತ್ತಿನಲ್ಲಿ ಬಿಳಿ ಪಟ್ಟಿ. ಹಿಂದಿನ ಕಾಲದಲ್ಲಿ ಬ್ಯಾಂಜೋಗೆ ಬೆಕ್ಕಿನ ಚರ್ಮವನ್ನೂ ಬಿಗಿಯುತ್ತಿದ್ದರೆಂದು ಓಣಿಗೆಲ್ಲ ಗೊತ್ತಿತ್ತು. ಜಂಬದಿಂದ ಹೇಳಿಕೊಂಡು ತಿರುಗಿದವನು ಲೂಷಸನೇ.

"ಕರುವಿನ ಚರ್ಮ ತಾಯಿ, ನಿಮ್ಮಾಣೆ!"

"ಕರು ಮಿಯಾಂವ್ ಅನ್ನುತ್ತೇನೋ?" ಎಂದಳು ಎದುರುಮನೆಯ ಅರ್ಮಿಂಟಾ.

ಅದು ತನ್ನ ಹೊಸ ವಿದ್ಯೆ ಎಂದು ಒಪ್ಪಿಕೊಳ್ಳುವುದು ಲೂಷಸನಿಗೆ ಕೊಲೆಯ ಆಪಾದನೆಗಿಂತ ಹೆಚ್ಚು ನಾಚಿಕೆಗೇಡೆನಿಸಿತು. ಚಾಕು ಜೇಬಿಗಿಳಿಸಿದ. ಕ್ಷೌರದಂಗಡಿಯ ಯುಲಿಸಿಸ್ ಬಂದು ಬ್ಯಾಂಜೋ ಮೂಸಿ, "ಪಾಪ, ಒಳ್ಳೇ ಜೀವ" ಎಂದು ಟೋಪಿ ತೆಗೆದ. ಮಧ್ಯಾಹ್ನದ ಊಟಕ್ಕೆ ಯಾರೂ ಕರೆಯಲಿಲ್ಲ. ಲೂಷಸ್ ಗಿಡ್ಡ ಕಂಬಗಳ ಮೇಲೆ ನಿಂತ ಮನೆಗಳ ಅಡಿಯಲ್ಲೆಲ್ಲ ತೆವಳಿ ಹುಡುಕಿದ. ಬೆಕ್ಕು ಸಿಗಲಿಲ್ಲ, ಒಳ್ಳೆಯ ಪ್ಯಾಂಟು ಹರಿಯಿತು.

ಸಾಯಂಕಾಲ ಹಾಡಿನ ಕೂಟಕ್ಕೆ ಓಣಿಯೆಲ್ಲ ನೆರೆದಿತ್ತು; ಝೆನೋಬಿಯಮ್ಮನ ಅಂಗಳದಲ್ಲಿ ಮೀನು ಹುರಿಯುತ್ತಿದ್ದರು. ಹೊರೇಸ್ ಕೈಕಟ್ಟಿ ನಿಂತಿದ್ದ. ಲೂಷಸ್ ಕಣ್ಣುಮುಚ್ಚಿ ಚಾಕು ಜಾರಿಸಿದ. ಮೊದಲ ಎಳೆತಕ್ಕೇ ಝೆನೋಬಿಯಮ್ಮ ಗೊಳೋ ಎಂದಳು. ಎರಡನೆಯದಕ್ಕೆ ಅರ್ಮಿಂಟಾ ಅಡುಗೆಬಟ್ಟೆಯಲ್ಲಿ ಮುಖ ಒರೆಸಿಕೊಂಡಳು. ಯುಲಿಸಿಸ್ ಬಿಕ್ಕಿದ. ಕೊನೆಗೆ ಹೊರೇಸನ ಕಣ್ಣಲ್ಲೂ ನೀರು.

"ಅಳಿಸಿಬಿಟ್ಟೆಯಲ್ಲೋ! ನೀನು ತಂಡದಲ್ಲಿ ಇದ್ದೀಯ ಕಣೋ!"

ಲೂಷಸ್ ಉಬ್ಬಿಹೋದ. ಇನ್ನೊಂದು ಸಲ, ಇನ್ನೂ ಉದ್ದಕ್ಕೆ ಎಳೆದ. ಬೇಲಿಯಾಚೆಯಿಂದ ಅಂಥದ್ದೇ ದನಿಯಲ್ಲಿ ಉತ್ತರ ಬಂತು. ಕಪ್ಪು ಗಂಡುಬೆಕ್ಕೊಂದು ಪ್ರೇಮಪರವಶವಾಗಿ ಹಾರಿ, ಬ್ಯಾಂಜೋದ ಚರ್ಮ ಸೀಳಿಕೊಂಡು ಒಳಗೆ ಬಿತ್ತು. ಬಳೆಯಿಂದ ತಲೆ ಹೊರಹಾಕಿದ ಪಾದ್ರಿ ತನ್ನ ಪ್ರೇಯಸಿ ಎಲ್ಲಿ ಎಂದು ಸುತ್ತ ನೋಡಿತು.

ಅಳುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರೇಸ್ ಕಣ್ಣೊರೆಸಿಕೊಂಡು, "ನಂಗೆ ಬೇಕಾಗಿದ್ದು ಅಳಿಸೋನು ಕಣೋ" ಎಂದು ಗಿಟಾರಿನವನನ್ನು ಕರೆದ.

ಝೆನೋಬಿಯಮ್ಮ ಬೆಕ್ಕನ್ನು ಎದೆಗವಚಿಕೊಂಡು ಲೂಷಸನ ಬೆನ್ನು ಸವರಿದಳು. "ಬೇಜಾರು ಮಾಡ್ಕೋಬೇಡ ಮಗಾ, ಹೊಸ ಚರ್ಮ ನಾನೇ ಹಾಕಿಸ್ತೀನಿ. ದಿನಾ ಸಂಜೆ ಹಿತ್ತಲಲ್ಲಿ ನಿಂತು ಇದನ್ನೇ ನುಡಿಸು. ಕೂಗಿ ಕೂಗಿ ನನ್ನ ಗಂಟಲು ಒಣಗುತ್ತೆ, ಈ ಮುಂಡೇದು ಮನೆಗೇ ಬರಲ್ಲ."

"ಆಮೇಲೆ ನಮ್ಮ ಹಿತ್ತಲಿಗೂ ಬಾ," ಎಂದಳು ಅರ್ಮಿಂಟಾ. "ನಮ್ದು ಎರಡಿವೆ."