ಗೋಣಿಚೀಲದ ಕೊಲೆಗಾರನಿಗೆ ನಾನು ಕೊಟ್ಟ ಧ್ವನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಭಾನುವಾರ ಪಂಗಾನಿ ಬಡಾವಣೆಯ ದೊಡ್ಡಮ್ಮನ ಮನೆಯಲ್ಲಿ ಎಲ್ಲರಿಗೂ ನಡುಕ ಹುಟ್ಟಿಸಿದ ದೆವ್ವ ನಾನೇ. ದುಡ್ಡು ತೆಗೆದುಕೊಂಡು ದೆವ್ವದ ಪಾತ್ರ ಮಾಡುವವರಿದ್ದಾರೆ; ನಾನು ಬರೀ ಚಕ್ಕುಲಿಗೇ ಮಾಡಿದೆ!

ಆದರೆ ದೆವ್ವಕ್ಕಿಂತ ವಿಚಿತ್ರ ನಮ್ಮ ದೊಡ್ಡಮ್ಮ. ಸ್ವಾಹಿಲಿ ನಾಡಿನ ಈ ಊರಿಗೆ ಬಂದು ನೆಲೆಸಿ, ಇಲ್ಲಿಯ ಮಕ್ಕಳಿಗೆ ಕಪ್ಪೆ ಕೊಯ್ಯುವುದನ್ನು ಕಲಿಸಿ ನಿವೃತ್ತರಾದ ಜೀವಶಾಸ್ತ್ರದ ಟೀಚರ್. ಈ ವಯಸ್ಸಿನವರು ಭಜನೆ ಕೇಳುತ್ತಾರೆ, ಧಾರಾವಾಹಿ ನೋಡುತ್ತಾರೆ. ಇವರು ನೋಡುವುದು ಮುಖ ಮುಚ್ಚಿಕೊಂಡವನೊಬ್ಬ ಹರೆಯದವರನ್ನು ಒಬ್ಬೊಬ್ಬರನ್ನಾಗಿ ಕೊಚ್ಚುವ ಅಮೆರಿಕನ್ ಸಿನಿಮಾ! ಅದರಲ್ಲೂ ಒಂದೇ ಒಂದು. ಬಡ ಬಜೆಟ್ಟಿನದು, ಕೊಲೆಗಾರನಿಗೆ ಮುಖವಾಡ ಕೊಳ್ಳಲೂ ಗತಿಯಿಲ್ಲದೆ ತಲೆಗೆ ಗೋಣಿಚೀಲ ಹಾಕಿದ್ದಾರೆ. ಮಾತಿಲ್ಲ ಕತೆಯಿಲ್ಲ, ಚೀಲದೊಳಗಿಂದ ಉಸಿರು ಮಾತ್ರ. ವಿಮರ್ಶಕರು ಅವನಿಗಿಂತ ಕ್ರೂರವಾಗಿ ಆ ಚಿತ್ರವನ್ನು ಕೊಚ್ಚಿಹಾಕಿದ್ದಾರೆ.

ದೊಡ್ಡಮ್ಮನಿಗೆ ಕೊಲೆಗಾರನ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಸಾಯುವವರ ಮೇಲೆ!

"ಲೇ ಹುಡುಗಿ, ನೆಲಮಾಳಿಗೆಗೆ ಯಾಕೆ ಇಳೀತೀಯ? ಲೈಟ್ ಹಾಕ್ಕೊಂಡು ಹೋಗೋಕೇನು ಧಾಡಿ?" ಎಂದು ಟೀವಿಗೆ ಗದರುತ್ತಾರೆ. ಅವಳ ಕತ್ತಿನಿಂದ ರಕ್ತ ಚಿಮ್ಮಿದರೆ, "ಅದೇನು ರಕ್ತವೋ ಬೀಟ್‌ರೂಟ್ ಸಾರೋ! ಹೆಪ್ಪುಗಟ್ಟೋದೇ ಇಲ್ಲ. ಸೊನ್ನೆ ಮಾರ್ಕು," ಎನ್ನುತ್ತಾರೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಇದು ಹೆಚ್ಚಾಯಿತೆಂದು ಅವರ ಮಗಳ ಚಿಂತೆ. ನನ್ನ ಅಕ್ಕನೇ ಅವಳು. ಇದೇ ಊರಿನ ಸಿರಿವಂತರ ಬಡಾವಣೆ ಸ್ಪ್ರಿಂಗ್ ವ್ಯಾಲಿಯಲ್ಲಿ ಮನೆ ಮಾಡಿರುವ ಡಾಕ್ಟರು. "ಖಾಲಿ ಮನೇಲಿ ಟೀವಿ ಜೊತೆ ಮಾತಾಡ್ತಾರೆ ಕಣೋ. ದಿಸ್ ಈಸ್ ನಾಟ್ ನಾರ್ಮಲ್. ಇನ್ನೊಂದು ಸಲ ಹೀಗಾದ್ರೆ ಮನೆ ಖಾಲಿ ಮಾಡಿಸಿ ಕರ್ಕೊಂಡು ಹೋಗ್ತೀನಿ," ಎಂದಿದ್ದಳು. ಪಂಗಾನಿ ಬಿಡುವ ಮಾತೆತ್ತಿದರೆ ದೊಡ್ಡಮ್ಮ ಎರಡು ದಿನ ಫೋನೇ ಎತ್ತುತ್ತಿರಲಿಲ್ಲ.

ಇಂಥ ಬೆಂಕಿಗೆ ತುಪ್ಪ ಸುರಿಯಲು ನನಗಿಂತ ಯೋಗ್ಯ ಸಿಕ್ಕಾನೇ?

ಇಲ್ಲಿಯ ವಿಡಿಯೋ ಹಾಲ್‌ಗಳಲ್ಲಿ ಒಂದು ಪದ್ಧತಿಯಿದೆ. ಇಂಗ್ಲಿಷ್ ಸಿನಿಮಾ ಓಡುತ್ತಿರುವಾಗಲೇ ಒಬ್ಬ ಮೈಕ್ ಹಿಡಿದು ಕೂತು, ಎಲ್ಲ ಪಾತ್ರಗಳಿಗೂ ಸ್ವಾಹಿಲಿಯಲ್ಲಿ ತಾನೇ ಮಾತು ಹೊಸೆಯುತ್ತಾನೆ. ಹುಟ್ಟಾ ಅಣಕುಕೋರನಾದ ನನಗೆ ಅದನ್ನು ಕನ್ನಡದಲ್ಲಿ ಮಾಡುವ ಚಪಲ. ಜುಲೈ ತಿಂಗಳ ಮಂಕು ಮಧ್ಯಾಹ್ನ, ಇಲ್ಲಿ ಅದೇ ಚಳಿಗಾಲ. ಕಿಟಕಿಯ ಪರದೆ ಎಳೆದು ಸಿನಿಮಾ ಹಾಕಿದೆವು. ಅಕ್ಕ ಬಂದಿದ್ದಳು, ಬ್ಯಾಂಕಿನ ಕೆಲಸಕ್ಕೆ ಬೆಂಗಳೂರಿನಿಂದ ಬಂದಿದ್ದ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ದೊಡ್ಡಪ್ಪನ ಬೆತ್ತದ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ.

ಮೊದಲು ಸಾಯುವವನಿಗೆ ಬ್ಯಾಂಕಿನವರದೇ ಧ್ವನಿ ಕೊಟ್ಟೆ: "ಸಾರ್, ಕೊಲ್ಲೋಕೆ ಮುಂಚೆ ಕೆವೈಸಿ ಆಗಿದ್ಯಾ?" ಅವರ ಹೆಂಡತಿ ನಕ್ಕು ನಕ್ಕು ಕೆಮ್ಮಿದರು. ಎರಡನೆಯವನಿಗೆ ಆಫೀಸಿನಲ್ಲಿ ಒದ್ದಾಡುವ ನನ್ನದೇ ಧ್ವನಿ: "ನನ್ನ ಬಿಟ್ಬಿಡಪ್ಪಾ, ನನ್ನ ಪ್ರಾಜೆಕ್ಟ್ ಈಗಾಗ್ಲೇ ಸತ್ತಿದೆ!" ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಲೇ ಕಾಫಿಗಿಡಲು ಅಡುಗೆಮನೆಗೆ ಹೋದರು.

ಆಗ ಗೋಣಿಚೀಲದವನು ಬಂದ. ಬಾಗಿಲ ಸಂದಿಯಲ್ಲಿ ಅಲುಗದೆ ನಿಂತ. ಉಸಿರು. ಮತ್ತೆ ಉಸಿರು. ಮೂಕನಿಗೆ ಯಾವ ಮಾತು ಕೊಡುವುದು? ನಾಲಿಗೆಯೇ ನನ್ನನ್ನು ಕೇಳದೆ ಹೊರಳಿತು. ಮೊದಲು ಒಂದು ಒಣ ಕೆಮ್ಮು, ಆಮೇಲೆ ಎಳೆದ ರಾಗ: "ಏನೇ... ಕಾಫಿ ಆಯ್ತೇನೇ?"

ಅದು ದೊಡ್ಡಪ್ಪನ ಧ್ವನಿ. ನಾನು ಅಣಕಿಸಿದ್ದಲ್ಲ, ಅದೇ ಬಂದು ನನ್ನ ಗಂಟಲಲ್ಲಿ ಕೂತಂತಿತ್ತು. ನನ್ನ ತೋಳಿನ ರೋಮವೆಲ್ಲ ಎದ್ದು ನಿಂತಿತು. ಬ್ಯಾಂಕಿನವರ ಹೆಂಡತಿ ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಗೆ ವಾಪಸಿಟ್ಟರು. ಚೀಲದೊಳಗಿನ ಉಸಿರೊಂದೇ ಕೋಣೆಯ ತುಂಬಾ ಆಡುತ್ತಿತ್ತು.

ಅಡುಗೆಮನೆಯಿಂದ ಉತ್ತರ ಬಂತು:

"ಬಂದೇರೀ!"

ಹಿಂದೆಯೇ ದೊಡ್ಡಮ್ಮ. ಕೈಯಲ್ಲಿ ಒಂದೇ ಲೋಟ, ಹಬೆಯಾಡುತ್ತಿತ್ತು. ನಮ್ಮ ಯಾರ ಮುಖವನ್ನೂ ನೋಡದೆ ನಡೆದು, ಬೆತ್ತದ ಕುರ್ಚಿಯ ಕೈಮೇಲೆ ಅದನ್ನಿಟ್ಟರು. ಟೀವಿಯಲ್ಲಿ ಯಾರೋ ಕಿರುಚುತ್ತಾ ಸಾಯುತ್ತಿದ್ದರು. ಅವರಿಗೆ ಬುದ್ಧಿ ಹೇಳುವವರೇ ಇಲ್ಲ!

ಅಕ್ಕ ಟೀವಿ ಆರಿಸಿದಳು. "ಅಮ್ಮಾ, ಯಾರಿಗೆ ಆನ್ಸರ್ ಮಾಡಿದೆ? ಅಪ್ಪ ಇಲ್ಲ! ಯು ನೋ ದಟ್, ರೈಟ್? ಸಾಕು, ಇವತ್ತೇ ಬಟ್ಟೆ ಪ್ಯಾಕ್ ಮಾಡು."

"ದೊಡ್ಡಮ್ಮಾ, ತಪ್ಪು ನಂದು..." ಎಂದು ನಾನು ತೊದಲಿದೆ, ಆಗ ಬಂದದ್ದು ನನ್ನದೇ ಬಡಪಾಯಿ ಧ್ವನಿ. ಅವರು ಕೈಯೆತ್ತಿ ನನ್ನನ್ನು ತಡೆದರು. ಸೆರಗಿನಿಂದ ಬೆರಳು ಒರೆಸಿಕೊಂಡರು. ತರಗತಿಯಲ್ಲಿ ದಡ್ಡಿಗೆ ಎರಡನೇ ಸಲ ಪಾಠ ಹೇಳುವ ತಾಳ್ಮೆಯಲ್ಲಿ ಮಗಳ ಕಡೆ ತಿರುಗಿದರು. ಮನೆ ಖಾಲಿ ಮಾಡುವ ಮಾತನ್ನು ಅಕ್ಕ ಆಮೇಲೆ ಎಂದೂ ಎತ್ತಲಿಲ್ಲ. ದೊಡ್ಡಮ್ಮ ಅಂದದ್ದು ಇಷ್ಟು:

"ಇಲ್ಲ ಅಂತ ಗೊತ್ತಿರೋದಕ್ಕೇ ಕಣೇ ಓಗೊಟ್ಟಿದ್ದು. ಇದ್ದಾಗ ನಾಲ್ಕು ಸಲ ಕೂಗಿದ್ರೂ ಅಲ್ಲಾಡಿದವಳಲ್ಲ ನಾನು."