ಬೀಗರಿಗೆ ಒಪ್ಪುವ ಹಾಡು

ನಾನು ಬಲು ಬೇಗ ಬೆಚ್ಚಿಬೀಳುವ ಮನುಷ್ಯ. ಕುಕ್ಕರ್ ಸೀಟಿ ಹೊಡೆದರೂ ಕುರ್ಚಿಯಿಂದ ಅರ್ಧ ಏಳುತ್ತೇನೆ. ಇಂಥವನ ಕೈಗೆ ಮದುವೆಯ ಯಾವ ಜವಾಬ್ದಾರಿ ಬೇಕಾದರೂ ಕೊಡಬಹುದು, ಹಾಡಿನದೊಂದನ್ನು ಬಿಟ್ಟು. ಅಡುಗೆ ಕೆಟ್ಟರೆ ಅಡುಗೆಯವರನ್ನು ಬೈದು ಪಾರಾಗಬಹುದು, ಪೆಂಡಾಲು ಸೋರಿದರೆ ಮಳೆಯನ್ನು ಬೈಯಬಹುದು. ಹಾಡು ಕೆಟ್ಟರೆ ಮಾತ್ರ ಎಲ್ಲರೂ ಒಮ್ಮೆಲೇ ತಿರುಗಿ ಹಾಕಿಸಿದವನ ಮುಖ ನೋಡುತ್ತಾರೆ. ಅದರಲ್ಲೂ ನನಗೂ ತಾಳಕ್ಕೂ ಹುಟ್ಟಿನಿಂದಲೇ ಆಗಿಬಂದಿಲ್ಲ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕ ತಪ್ಪುವುದಿಲ್ಲ, ಚಪ್ಪಾಳೆ ತಪ್ಪುತ್ತದೆ. ನಮ್ಮ ಓಣಿಯ ಭಜನೆಯಲ್ಲಿ ಒಮ್ಮೆ ತಾಳ ಹಿಡಿದು ಕೂತಿದ್ದಾಗ ಹಿರಿಯರೊಬ್ಬರು ಬಂದು, “ಮಾಸ್ತರ, ನೀವು ದಣದೀರಿ, ಇತ್ತ ಕೊಡ್ರಿ” ಎಂದು ಬಹಳ ಮರ್ಯಾದೆಯಿಂದ ಕಸಿದುಕೊಂಡಿದ್ದರು. ನಾನು ಆಗಷ್ಟೇ ಕೂತಿದ್ದೆ.

ಮಗಳು ಅಶ್ವಿನಿಯ ಮದುವೆ ನಿಪ್ಪಾಣಿಯ ಹುಡುಗನೊಂದಿಗೆ ನಿಶ್ಚಯವಾದ ಮೇಲೆ ಒಂದು ಸಂಜೆ ಅವಳು ಬಂದು ಪಕ್ಕದಲ್ಲಿ ಕೂತಳು. ಒಡವೆ ಏನೋ ಕೇಳುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡೆ.

“ಪಪ್ಪಾ, ರಿಸೆಪ್ಶನ್‌ದಾಗ ಡಾನ್ಸ್ ಇರಬೇಕು. ಎರಡೂ ಮನಿಯವರು ಕೂಡಿ ಕುಣಿಬೇಕು.”

“ಕುಣೀಲಿ ತಗೋ. ಹುಡುಗ್ರು ಹೆಂಗೂ ಕುಣೀತಾವ.”

“ಹುಡುಗ್ರಲ್ಲ, ನೀವು ಕುಣಿಬೇಕು. ನಂದ ಅದೊಂದ ಆಸೆ ಐತಿ.”

ಒಡವೆಯನ್ನೇ ಕೇಳಿದ್ದರೆ ಚೆನ್ನಾಗಿತ್ತು ಅನಿಸಿತು. “ನಮ್ಮ ಮನೆತನದಾಗ ಯಾರರ ಕುಣದಾರೇನವಾ?” ಎಂದು ತೊದಲಿದೆ. ಒಳಗಿನಿಂದ ಹೆಂಡತಿ ಸುಮನ್, “ಗಣಪತಿ ಕಳಸುವಾಗ ನಿಮ್ಮ ತಮ್ಮ ಬಸ್‌ಸ್ಟ್ಯಾಂಡಿನ ತನಕ ಕುಣಕೋತ ಹೋಗಿದ್ನಲ್ರಿ, ಆವಾಗ ಮನೆತನ ಎಲ್ಲಿತ್ತು?” ಅಂದಳು. ಮಗಳು ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ಹೂಂ ಎಂದುಬಿಟ್ಟೆ.

ಇನ್ನು ಬೀಗರ ಭಯ. ಹುಡುಗನ ತಂದೆ ರಾವಸಾಹೇಬರು ಕೊರಳಲ್ಲಿ ತುಳಸಿ ಮಾಲೆ ಹಾಕಿದವರು, ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರು, ಮನೆಮಾತು ಮರಾಠಿ. ಇಂಥವರ ಮುಂದೆ ಎಂಥ ಹಾಡು ಹಾಕಿಸುವುದು? ಅವರನ್ನೇ ಕೇಳಬಾರದೇ ಎಂದು ನೀವು ಅನ್ನಬಹುದು. ನಮ್ಮ ಕಡೆ ಬೀಗರನ್ನು ಏನು ಬೇಕಾದರೂ ಕೇಳಬಹುದು, ಉತ್ತರ ಮಾತ್ರ ಸಿಗುವುದಿಲ್ಲ. ನನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಹೇಳಿದವರ ದೊಡ್ಡಸ್ತಿಕೆ ಕಡಿಮೆಯಾಗುತ್ತದೆಂದು ಎರಡೂ ಕಡೆಯವರ ನಂಬಿಕೆ. ಆದರೂ ಫೋನು ಮಾಡಿದೆ.

“ರಾವಸಾಹೇಬ್ರ, ಹಾಡಿಂದ ಹೆಂಗ ಮಾಡೂಣ್ರಿ?”

“ನಮ್ದೇನೈತ್ರಿ ಮಾಸ್ತರ? ತುಮಚೀ ಮರ್ಜಿ. ನೀವು ಮಾಡಿದ್ದ ಬರೋಬರಿ.”

“ಹಂಗಲ್ರಿ, ನಿಮಗ ಎಂಥಾವು ಸೇರ್ತಾವು?”

“ನಿಮಗ ಸೇರಿದ್ದ ನಮಗ ಸೇರ್ತಾವ್ರಿ.”

“ನಮಗೂ ನಿಮಗ ಸೇರಿದ್ದ ಸೇರ್ತಾವ್ರಿ.”

ಇಬ್ಬರೂ ಬಹಳ ಸಂತೋಷದಿಂದ ಫೋನು ಇಟ್ಟೆವು. ಆಮೇಲೆ ಯೋಚಿಸಿದರೆ ತಿಳಿದದ್ದು ಏನೂ ಇರಲಿಲ್ಲ.

ಗಣಿತದವನಲ್ಲವೇ, ತರ್ಕ ಹಚ್ಚಿದೆ. ಬೀಗರು ಮರಾಠಿ, ಆದ್ದರಿಂದ ಹಾಡೆಲ್ಲ ಮರಾಠಿ. ಅಂಕಲಿಯ ಡಿಜೆ ಸಂತೋಷ ನನ್ನ ಹಳೆಯ ವಿದ್ಯಾರ್ಥಿ. “ಒಂದೂ ಕನ್ನಡ ಬ್ಯಾಡೇನ್ರಿ ಸರ?” ಎಂದು ಎರಡು ಸಲ ಕೇಳಿದ. “ಬೀಗರಿಗೆ ಬ್ಯಾಸರಾದೀತೋ” ಎಂದೆ. ನಡುಮನೆಯ ಬಾಗಿಲು ಹಾಕಿಕೊಂಡು ಸುಮನ್, ತಮ್ಮ, ತಂಗಿ ಎಲ್ಲರೂ ತಾಲೀಮು ಶುರು ಮಾಡಿದರು. ಕಲಿಸುವವಳು ಮದುಮಗಳೇ. ಉಳಿದವರಿಗೆ ಬೇಗ ಬಂತು. ನನಗೆ ಅವಳು, “ಪಪ್ಪಾ, ಕಾಲ ನೋಡಬ್ಯಾಡ್ರಿ, ಹಾಡ ಕೇಳ್ರಿ” ಅನ್ನುತ್ತಿದ್ದಳು. ಹಾಡು ಕೇಳಿದರೆ ಕಾಲು ನಿಲ್ಲುತ್ತಿತ್ತು, ಕಾಲು ನೋಡಿದರೆ ಹಾಡು ಮುಂದೆ ಹೋಗಿರುತ್ತಿತ್ತು. ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನಾನೇ ಕಂಡು ಗಾಬರಿಯಾಗಿ ಕೂತುಬಿಟ್ಟೆ.

ರಿಸೆಪ್ಶನ್ ದಿನ ಬೀಗರು ದೊಡ್ಡ ದಂಡು ಕಟ್ಟಿಕೊಂಡೇ ಬಂದರು. ಇನ್ನೇನು ಹಾಡು ಹಾಕು ಎಂದು ಸನ್ನೆ ಮಾಡಬೇಕು, ಸಂತೋಷನೇ ಓಡಿ ಬಂದ. “ಸರ, ಬೀಗರು ಪೆನ್‌ಡ್ರೈವ್ ತಂದಾರ್ರಿ. ಎಲ್ಲಾ ಕನ್ನಡ ಹಾಡ ಅದಾವು. ನಿಮಗ ಖುಷಿ ಆಗಲಿ ಅಂತ ಇಡೀ ಮನಿಯವರು ಪ್ರಾಕ್ಟೀಸ್ ಮಾಡಿ ಬಂದಾರಂತ!”

ನನ್ನ ಕೈಯಲ್ಲಿದ್ದ ಪನ್ನೀರುದಾನಿ ಜಾರಿ ಬಿತ್ತು.

ಯಾರ ಮನಸ್ಸನ್ನೂ ನೋಯಿಸಲಾರದೆ ಸಂತೋಷ ಅವರದೊಂದು, ನಮ್ಮದೊಂದು ಹಾಕತೊಡಗಿದ. ಕನ್ನಡ ಹಾಡು ಬಂದಾಗ ನಿಪ್ಪಾಣಿಯವರು ಎದ್ದು ಕುಣಿದರು. ಅವರು ಕಲಿತು ಬಂದ ಸಾಲು ಕೆಟ್ಟೀತೆಂದು ನಮ್ಮವರು ಕೈಕಟ್ಟಿ ಕೂತರು. ಮರಾಠಿ ಬಂದಾಗ ನಮ್ಮವರು ಎದ್ದರು, ಅವರು ಕೂತು ಚಪ್ಪಾಳೆ ತಟ್ಟಿದರು. ಕುಣಿದು ಬಂದವರಿಗೆ ಎದುರಿನವರು, “ಭಾಳ ಚಲೋ ಆತ್ರಿ” ಎಂದು ನೀರು ಕೊಡುತ್ತಿದ್ದರು. ಮದುವೆ ಹೋಗಿ ಎರಡು ಶಾಲೆಗಳ ಸ್ಪರ್ಧೆಯಾಯಿತು. ಕೂಡಿ ಮಾತ್ರ ಯಾರೂ ಕುಣಿಯಲಿಲ್ಲ. ವೇದಿಕೆಯ ಮೇಲೆ ಅಶ್ವಿನಿಯ ಮುಖ ಸಣ್ಣದಾಗುತ್ತ ಬಂತು. ನಾನೋ, ನಮ್ಮ ಸರದಿ ಬಂದಾಗಲೆಲ್ಲ ಊಟದ ಪಂಕ್ತಿ ನೋಡುವ ನೆವದಲ್ಲಿ ಎದ್ದು ಹೋಗುತ್ತಿದ್ದೆ.

ನಾನು ಮೂರನೆಯ ಸಲ ಹೊರಟಾಗ ರಾವಸಾಹೇಬರು ಎದ್ದು ನಿಂತರು. ತಲೆಯ ಫೇಟಾ ತೆಗೆದು ಹೆಂಡತಿಯ ಕೈಗೆ ಕೊಟ್ಟು, ತುಳಸಿ ಮಾಲೆಯನ್ನು ಅಂಗಿಯೊಳಗೆ ಸೇರಿಸಿ, ನಡುವೆ ಹೋಗಿ ಕುಣಿಯತೊಡಗಿದರು. ಅದೂ ನಮ್ಮ ಸರದಿಯಲ್ಲಿ, ನಮ್ಮವರ ಮಧ್ಯೆ! ಏನು ಸೊಂಟ, ಏನು ಗತ್ತು! ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಅವರು ಕುಣಿಯುತ್ತಲೇ ಸೀದಾ ನನ್ನ ಬಳಿ ಬಂದು ಕೈ ಹಿಡಿದರು.

“ಬರ್ರಿ ಮಾಸ್ತರ. ಪೋರಿ ನೋಡಾಕತ್ತೈತಿ.”

ಕುಣಿದೆ. ಕಲಿತದ್ದೆಲ್ಲ ಮರೆತುಹೋಗಿ ಕೈ ಮೇಲೆತ್ತುವುದೊಂದೇ ನೆನಪಿತ್ತು, ಅದನ್ನೇ ಮಾಡಿದೆ. ಮರಾಠಿ ಹಾಡು ಮುಗಿದು ಕನ್ನಡದ್ದು ಶುರುವಾದದ್ದು ನನಗೆ ತಿಳಿಯಲೇ ಇಲ್ಲ. ತಾಳ ತಿಳಿಯದವನಿಗೆ ಎರಡೂ ಒಂದೇ. ನಾನು ನಿಲ್ಲದ್ದರಿಂದ ನಮ್ಮವರು ಕೂರುವಂತಿಲ್ಲ, ಹಾಡು ತಮ್ಮದಾದ್ದರಿಂದ ಬೀಗರು ಕೂತಿರುವಂತಿಲ್ಲ. ನೋಡನೋಡುತ್ತ ಎರಡೂ ಮನೆಯವರು ಒಂದಾದರು. ಅಶ್ವಿನಿ ಸೀರೆಯ ನಿರಿಗೆ ಎತ್ತಿ ಹಿಡಿದು ವೇದಿಕೆಯಿಂದ ಇಳಿದು ಬಂದಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಊಟಕ್ಕೆ ಕೂತಾಗ ಕೇಳಿದೆ, “ರಾವಸಾಹೇಬ್ರ, ನೀವು ಕುಣೀತೀರಿ ಅಂತ ನಾ ಕನಸಿನ್ಯಾಗೂ ಅಂದ್ಕೊಂಡಿರಲಿಲ್ರಿ.”

“ನಾನೂ ಅಂದ್ಕೊಂಡಿರಲಿಲ್ರಿ. ನಮ್ಮ ಸೂನಬಾಯಿ, ನಿಮ್ಮ ಅಶ್ವಿನಿ, ಮೊದಲ ಫೋನ್ ಮಾಡಿದ್ಲು. ‘ಮಾಮಾ, ನಮ್ಮ ಪಪ್ಪಾ ಹೂಂ ಅಂದಾರ, ಖರೆ ಅವತ್ತ ಊಟದ ಕಡೆ ಓಡಿ ಹೋಗ್ತಾರ. ನೀವ ಕೈ ಹಿಡದ ಎಳೀರಿ’ ಅಂದ್ಲು.”

ತುತ್ತು ಕೈಯಲ್ಲೇ ಉಳಿಯಿತು. ಪರೀಕ್ಷೆಗೆ ಮೊದಲೇ ಮಗಳು ನನ್ನನ್ನು ನಪಾಸು ಮಾಡಿ, ಪಾಸು ಮಾಡಿಸಲು ಬೀಗರಿಗೇ ಹೇಳಿಟ್ಟಿದ್ದಳು. ಸುಮನ್ ಕಡೆ ತಿರುಗಿ, “ನಿನಗ ಗೊತ್ತಿತ್ತೇನ?” ಎಂದೆ. “ಫೋನ್ ಮಾಡು ಅಂದಾಕಿ ನಾನ” ಎಂದು ಅವಳು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು.

ಈಗಲೂ ಮನೆಗೆ ಬಂದವರಿಗೆ ಮದುವೆಯ ವಿಡಿಯೋ ತೋರಿಸುತ್ತೇವೆ. ಎಲ್ಲರೂ ರಾವಸಾಹೇಬರ ಕುಣಿತವನ್ನು ಹೊಗಳುತ್ತಾರೆ. ನಾನೂ ಧಾರಾಳವಾಗಿ ಹೊಗಳಿ, ಪಕ್ಕದಲ್ಲಿರುವವನ ಬಗ್ಗೆಯೂ ಏನಾದರೂ ಅಂದಾರು ಎಂದು ಕಾಯುತ್ತೇನೆ. ಮೊನ್ನೆ ರಾಯಬಾಗದಿಂದ ಬಂದ ಗೆಳೆಯರೊಬ್ಬರು ಕೊನೆಗೂ ಗಮನಿಸಿದರು. ಟಿವಿಯ ಹತ್ತಿರ ಹೋಗಿ, ಬಗ್ಗಿ ನೋಡಿ, ಕಳವಳದಿಂದ ಕೇಳಿದರು: “ಮಾಸ್ತರ, ಅಲ್ಲಿ ಏನ ಜಗಳ ಆಗಿತ್ರಿ? ನೀವು ಬಿಡಸಾಕ ಹೋಗೀರಲ್ಲ?”